ದೊಡ್ಡ ಮನೆಯಲ್ಲಿ ಇಲ್ಲದ ಭೀಮಕ್ಕ

ಆ ಗುರುವಾರ ಬೆಳಿಗ್ಗೆ ದಾನೇಶ್ವರಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೆಳಗಾವಿ ಸ್ಟೇಶನ್ನಿನಲ್ಲಿ ರೈಲು ಹತ್ತುವ ಮೊದಲು ಬಗಲಲ್ಲಿದ್ದ ನಕ್ಷೆಯ ಸುರುಳಿಯನ್ನು ನಾಲ್ಕು ಸಲ ಮುಟ್ಟಿ ನೋಡಿಕೊಂಡಳು. ಚೀಲದಲ್ಲಿದ್ದ ಲ್ಯಾಪ್‌ಟಾಪನ್ನು ಮೂರು ಸಲ, ಟಿಕೆಟ್ಟನ್ನು ಲೆಕ್ಕವಿಲ್ಲದಷ್ಟು ಸಲ. ಬೇರೆ ದಿನಗಳಲ್ಲಿ ಹೀಗೆ ಮುಟ್ಟಿ ನೋಡಿಕೊಳ್ಳುವಾಗ ಅವಳ ಹೊಟ್ಟೆಯಲ್ಲಿ ಒಂದು ಗಂಟು ಬಿಗಿಯುತ್ತಿತ್ತು. ಇವತ್ತು ಆ ಗಂಟಿಗೇ ಯಾರೋ ಕಚಗುಳಿ ಇಟ್ಟಂತಿತ್ತು. ಎದುರಿನ ಸೀಟಿನ ಹಿರಿಯರೊಬ್ಬರು ಖಾನಾಪುರಕ್ಕೆ ಏನು ಕೆಲಸ ಎಂದು ಕೇಳಿದರೆ, ಒಂದು ಮನೆ ತರಬೇಕಾಗಿದೆ ಎಂದುಬಿಟ್ಟಳು. ಆಮೇಲೆ ಅದನ್ನು ತಿದ್ದಲು ಹೋಗಿ ಇನ್ನಷ್ಟು ಗೋಜಲು ಮಾಡಿ, ಕೊನೆಗೆ ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಕ್ಕಳು.

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಳಗಾವಿಯ ಸದಾಶಿವನಗರದಲ್ಲಿರುವ ಸಿದರಾಯ ಸರ್ ಅವರ ಆಫೀಸಿನಲ್ಲಿ ಅವಳು ಮೂರು ವರ್ಷದಿಂದ ಕಂಪ್ಯೂಟರಿನ ಮೇಲೆ ಮನೆಗಳ ನಕ್ಷೆ ಬರೆಯುತ್ತಿದ್ದಳು. ಮನೆಗಳು ಯಾವಾಗಲೂ ಬೇರೆಯವರವು. ಇವಳ ಪಾಲಿಗೆ ಬರುತ್ತಿದ್ದುದು ಅವುಗಳ ಕಿಟಕಿ, ಬಾಗಿಲು ಮತ್ತು ಅಕ್ಷರ. ಅದರಲ್ಲೂ ಅಕ್ಷರದ ಕೆಲಸ ಜೀವ ತಿನ್ನುತ್ತಿತ್ತು. ಪರದೆಯ ಮೇಲೆ ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತಾರೆ. ಕಾಗದಕ್ಕೆ ಇಳಿಸುವಾಗ ಅದು ನೂರು ಪಟ್ಟೋ ಐವತ್ತು ಪಟ್ಟೋ ಕುಗ್ಗುತ್ತದೆ. ಗೋಡೆ ಕುಗ್ಗಿದರೆ ಯಾರಿಗೂ ತೊಂದರೆಯಿಲ್ಲ, ಆದರೆ ಅಕ್ಷರ ಕುಗ್ಗಿದರೆ ಇರುವೆಯೇ ಬಂದು ಓದಬೇಕು. ಆದ್ದರಿಂದ ಕಾಗದದಲ್ಲಿ ಮೂರು ಮಿಲಿಮೀಟರಿನ ಅಕ್ಷರ ಬೇಕಾದರೆ ಪರದೆಯಲ್ಲಿ ಅದನ್ನು ಮೊದಲೇ ಉಬ್ಬಿಸಿ ಬರೆಯಬೇಕು. ಎಷ್ಟು ಉಬ್ಬಿಸಬೇಕೆಂಬುದನ್ನು ಸಿದರಾಯ ಸರ್ ಒಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದರು: ಒಂದಕ್ಕೆ ನೂರು, ಮುನ್ನೂರು. ಒಂದಕ್ಕೆ ಐವತ್ತು, ನೂರೈವತ್ತು. ಒಂದಕ್ಕೆ ಇಪ್ಪತ್ತು, ಅರವತ್ತು. ಒಂದೇ ಮನೆ ಎರಡು ಅಳತೆಯಲ್ಲಿ ಬೇಕಾದರೆ ಎಲ್ಲ ಅಕ್ಷರಗಳನ್ನೂ ಎರಡೆರಡು ಸಲ ಬರೆಯಬೇಕಿತ್ತು.

ಈ ಕಷ್ಟ ತಪ್ಪಿಸಲು, ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶದಲ್ಲೇ ಒಂದು ದಾರಿ ಇದೆಯೆಂದು ದಾನೇಶ್ವರಿ ಕಂಡುಕೊಂಡಿದ್ದಳು. ಅದಕ್ಕೆ ಅನೋಟೇಶನ್ ಸ್ಕೇಲ್ ಎನ್ನುತ್ತಾರೆ. ನೀನು ಕಾಗದದ ಮೇಲೆ ಮೂರು ಮಿಲಿಮೀಟರ್ ಇರಬೇಕು, ಇಂತಿಂಥ ಅಳತೆಯ ಹಾಳೆಗಳಲ್ಲಿ ಕಾಣಬೇಕು ಎಂದು ಅಕ್ಷರಕ್ಕೆ ಒಂದು ಸಲ ಹೇಳಿಬಿಟ್ಟರೆ ಸಾಕು. ಹಾಳೆಗೆ ತಕ್ಕಂತೆ ಅದು ತಾನೇ ಉಬ್ಬುತ್ತದೆ, ತಾನೇ ಇಳಿಯುತ್ತದೆ. ಅವಳು ಇದನ್ನು ವಿವರಿಸಿದಾಗ ಸಿದರಾಯ ಸರ್ ಕನ್ನಡಕ ತೆಗೆದು ಒರೆಸಿದರು. ಅಕ್ಷರಕ್ಕೇ ಬುದ್ಧಿ ಬಂದರೆ ಮನುಷ್ಯರಿಗೆ ಏನು ಕೆಲಸ ಉಳಿಯಿತು ಎಂದರು. ಹದಿನೈದು ದಿನ ಅವಳು ಬಿಡದೆ ಕೇಳಿದ ಮೇಲೆ ಒಂದು ಮಾತು ಕೊಟ್ಟರು.

"ಖಾನಾಪುರದ ಬಾಳೇಶನ ಮನಿ ಐತೆಲ್ಲ, ಅದನ್ನ ನಿನ್ನ ಪದ್ಧತಿಲೆ ಮಾಡು. ನೀನ ಒಯ್ದು ತೋರ್ಸು. ಅವರು ಸಹಿ ಮಾಡಿ ಕೊಟ್ರಂದ್ರ, ಪಾಯಾದಿಂದ ವಾಸ್ತುತನಕ ಆ ಮನಿ ನಿಂದವಾ. ಮಾಡಲಿಲ್ಲಂದ್ರ ನನ್ನ ರಟ್ಟು ಎಲ್ಲೂ ಹೋಗಿಲ್ಲ."

ಹೀಗೆ ಅವಳು ಮನೆ ತರಲು ಹೊರಟಿದ್ದಳು. ದೇಸೂರ ದಾಟುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು ನಕ್ಷೆಯನ್ನು ಮತ್ತೆ ಐದು ಸಲ ಪರೀಕ್ಷಿಸಿದಳು. ಎಲ್ಲ ಹೆಸರೂ ಇದ್ದವು. ಖಾನಾಪುರದಲ್ಲಿ ಇಳಿಯುವಾಗ ಬ್ಯಾಟರಿ ಶೇಕಡಾ ಹನ್ನೊಂದಕ್ಕೆ ಇಳಿದಿತ್ತು, ಆದರೆ ಮನಸ್ಸು ತುಂಬಿತ್ತು.

ಬಾಳೇಶ ಲೋಂಡಾದಲ್ಲಿ ರೈಲ್ವೆ ನೌಕರಿಯಲ್ಲಿದ್ದವನು. ಇದಕ್ಕಾಗಿಯೇ ರಜೆ ಹಾಕಿ ಸ್ಟೇಶನ್ನಿಗೆ ಬೈಕು ತಂದಿದ್ದ. ಹೊಸ ಮನೆ ಕಟ್ಟುವ ಜಾಗ ಅವನ ದೊಡ್ಡವ್ವ ಭೀಮಕ್ಕನ ಹೆಸರಿನಲ್ಲಿತ್ತು. ಸಹಿ ಅವಳದೇ ಬೇಕು. ಅವಳು ಮತ್ತು ಬಾಳೇಶನ ತಾಯಿ ಕಾಡವ್ವ ನಲವತ್ತಾರು ವರ್ಷದಿಂದ ಒಂದೇ ಒಲೆಯ ಮುಂದೆ ಕೂತ ನೆಗೆಣ್ಣಿಯರು, ಅಣ್ಣ ತಮ್ಮಂದಿರನ್ನು ಮದುವೆಯಾಗಿ ಬಂದವರು. ಕುರಿ ಕಾಯುವ ಮನೆತನದ ಭೀಮಕ್ಕ ಎರಡು ವರ್ಷದ ಹಿಂದೆ, ಎಪ್ಪತ್ತು ದಾಟಿದ ಮೇಲೆ, ಹೆಂಗಸರ ಸಂಜೆ ತರಗತಿಗೆ ಹೋಗಿ ಕನ್ನಡ ಓದಲು ಕಲಿತಿದ್ದಳು. ಅಲ್ಲಿಂದ ಊರಿನ ಒಂದು ಬೋರ್ಡನ್ನೂ ಬಿಟ್ಟವಳಲ್ಲ. ಬಸ್ಸಿನ ಹಣೆ, ಔಷಧದ ಡಬ್ಬಿ, ಮದುವೆ ಕಾರ್ಡು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಅದಕ್ಕೇ ಬಾಳೇಶ, ನಕ್ಷೆಯಲ್ಲಿ ಬೆಡ್‌ರೂಮ್ ಒಂದು ಎರಡು ಎಂದು ಹಾಕಬೇಡಿರಿ, ಯಾರ ಖೋಲಿಯೋ ಅವರ ಹೆಸರನ್ನೇ ಕನ್ನಡದಲ್ಲಿ ಬರೆಯಿರಿ ಎಂದು ಮೊದಲೇ ಕೇಳಿಕೊಂಡಿದ್ದ.

ಮನೆಯಲ್ಲಿ ಕರೆಂಟಿರಲಿಲ್ಲ. ಲೈನಿನ ಕೆಲಸ ನಡೆದಿತ್ತು, ಮಧ್ಯಾಹ್ನ ಬರುತ್ತದಂತೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಅದರ ಮೇಲೆ ಎರಡು ಹಾಳೆ ಬಿಡಿಸಿ, ಮೂಲೆಗಳಿಗೆ ತಂಬಿಗೆ ಇಟ್ಟರು. ಒಂದು ಹಾಳೆಯಲ್ಲಿ ಇಡೀ ಜಾಗ, ಬಾವಿ, ರಸ್ತೆ, ನಡುವೆ ಸಣ್ಣದಾಗಿ ಮನೆ. ಇನ್ನೊಂದರಲ್ಲಿ ಅದೇ ಮನೆ ಎರಡು ಪಟ್ಟು ದೊಡ್ಡದಾಗಿ, ಅಂಚಿನಲ್ಲಿ ಬಾವಿ ಮತ್ತು ರಸ್ತೆಯ ತುಣುಕು. ಗೋಡೆ ಕಟ್ಟುವ ಗೌಂಡಿ ನೋಡಿ ಕೆಲಸ ಮಾಡುವುದು ಈ ಎರಡನೆಯದನ್ನೇ. ಭೀಮಕ್ಕ ಮೊಣಕಾಲೂರಿ ಬಗ್ಗಿ, ಮೊದಲ ಹಾಳೆಯ ಮೇಲೆ ತೋರುಬೆರಳಿಟ್ಟು ಪಡಸಾಲಿ, ದೇವರ ಮನಿ, ಅಡಿಗಿಮನಿ ಎಂದು ಒಂದೊಂದೇ ಓದಿದಳು. ಕಾಡವ್ವ ಎಂದು ಓದಿ ನೆಗೆಣ್ಣಿಯ ಕಡೆ ನೋಡಿದಳು. ಭೀಮಕ್ಕ ಎಂದು ಓದಿ ಎಲ್ಲರ ಕಡೆ ನೋಡಿದಳು. ದಾನೇಶ್ವರಿಗೆ ಆಗಲೇ ಮನೆ ಸಿಕ್ಕಿಬಿಟ್ಟಂತಾಯಿತು.

ಆಮೇಲೆ ಬೆರಳು ಎರಡನೆಯ ಹಾಳೆಗೆ ಬಂತು. ಪಡಸಾಲಿ, ದೇವರ ಮನಿ, ಅಡಿಗಿಮನಿ, ಕಾಡವ್ವ, ಬಚ್ಚಲ. ಬೆರಳು ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು. ಅಡಿಗೆಮನೆಯ ಬಾಜುವಿನ ಖೋಲಿ ಬರಿದಾಗಿತ್ತು. ನಾಲ್ಕು ಗೋಡೆ, ಒಂದು ಕಿಟಕಿ, ಒಳಗೆ ಏನೂ ಇಲ್ಲ.

ಭೀಮಕ್ಕ ನೆಟ್ಟಗೆ ಕೂತಳು. "ಬಾಳೇಶಾ, ಇಲ್ಲೆ ನೋಡು. ಮನಿ ಸಣ್ಣದಿದ್ದಾಗ ಭೀಮಕ್ಕ ಇದ್ದಳು. ಮನಿ ದೊಡ್ಡದಾತು, ಭೀಮಕ್ಕ ಇಲ್ಲ."

ಅವಳು ಸಿಟ್ಟು ಮಾಡಿದ್ದರೆ ಆಗುತ್ತಿತ್ತು. ಇದು ಬರೀ ಓದಿದ ಹಾಗೆ ಇತ್ತು, ಬಸ್ಸಿನ ಬೋರ್ಡು ಓದಿದ ಹಾಗೆ. ಬಾಳೇಶ ಕುತ್ತಿಗೆ ಕೆರೆದುಕೊಂಡು, ಪ್ರಿಂಟ್ ಆಗುವಾಗ ಏನೋ ಆಗಿರಬೇಕು ಎಂದ. ಕಾಡವ್ವ ಮಾತ್ರ ಎಲೆ ಅಡಿಕೆ ಜಗಿಯುತ್ತ, ಊರಿನ ಬೋರ್ಡೆಲ್ಲ ಓದಿ ಓದಿ ಅಕ್ಕನ ಹೆಸರು ಸವೆದಿರಬೇಕು ಎಂದಳು.

"ಸವದಿಲ್ಲ, ತಗದಾರ," ಎಂದಳು ಭೀಮಕ್ಕ. "ನಾ ಸಹಿ ಮಾಡಂಗಿಲ್ಲ."

ದಾನೇಶ್ವರಿಯ ತಲೆಯಲ್ಲಿ ಗಾಳಿಪಟದ ದಾರ ಹರಿದಂತಾಯಿತು. ಏನಾಗಿದೆಯೆಂದು ಅವಳಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ಭೀಮಕ್ಕನ ಖೋಲಿ ಮೊದಲು ಮೂಲೆಯಲ್ಲಿತ್ತು; ಅಡಿಗೆಮನೆಯ ಬಾಜುವಿಗೆ ತರಬೇಕೆಂದು ಬಾಳೇಶ ಕೊನೆಯ ದಿನ ಫೋನು ಮಾಡಿದ್ದ. ಹಳೆಯ ಹೆಸರು ಅಳಿಸಿ ಹೊಸದು ಬರೆಯುವಾಗ ಇವಳು ಅದಕ್ಕೆ ಸಣ್ಣ ಮನೆಯ ಅಳತೆಯನ್ನಷ್ಟೇ ಹೇಳಿದ್ದಳು. ರೈಲಿನಲ್ಲಿ ಐದು ಸಲ ನೋಡಿದಾಗ ಕಂಡದ್ದು ಹೇಗೆಂದರೆ, ಯಾವ ಅಳತೆಯದಿದ್ದರೂ ಎಲ್ಲ ಹೆಸರನ್ನೂ ತೋರಿಸು ಎಂಬ ಗುಂಡಿಯನ್ನು ಪರದೆಯಲ್ಲಿ ಒತ್ತಿಟ್ಟಿದ್ದಳು. ಏನೂ ತಪ್ಪಿಹೋಗದಿರಲಿ ಎಂಬ ಹೆದರಿಕೆಯಿಂದಲೇ ಒತ್ತಿಟ್ಟದ್ದು. ಕಾಗದಕ್ಕೆ ಆ ಗುಂಡಿಯ ಹಂಗಿರಲಿಲ್ಲ.

ಪ್ರಿಂಟಿನ ತಪ್ಪು ಎಂದು ಬಾಳೇಶನ ಮಾತಿಗೆ ತಲೆಯಾಡಿಸಬಹುದಿತ್ತು. ಆದರೆ ಮುದುಕಿ ಅವಳನ್ನೇ ನೋಡುತ್ತಿದ್ದಳು.

"ತಪ್ಪು ನಂದ್ರಿ ಆಯಿ," ಎಂದಳು ದಾನೇಶ್ವರಿ. "ಇದರಾಗ ಪ್ರತಿ ಹೆಸರಿಗೂ ಹೇಳಬೇಕಾಗತೈತ್ರಿ, ಸಣ್ಣ ಮನ್ಯಾಗೂ ಕಾಣು, ದೊಡ್ಡ ಮನ್ಯಾಗೂ ಕಾಣು ಅಂತ. ನಿಮ್ಮ ಹೆಸರಿಗೆ ಎರಡನೇದು ಹೇಳೂದು ಮರತೆ."

"ಕಾಡವ್ವಗ ಹೇಳಿದ್ದಿ?"

"ಹೇಳಿದ್ನಿರಿ."

"ಬಚ್ಚಲಕ್ಕ?"

ಮಾತು ತೂಗಿ ಆಡುವ ಹುಡುಗಿ ದಾನೇಶ್ವರಿ, ಆದರೆ ಇದನ್ನು ತೂಗಲು ಯಾವ ತಕ್ಕಡಿಯೂ ಸಿಗಲಿಲ್ಲ. "ಬಚ್ಚಲಕ್ಕೂ ಹೇಳಿದ್ನಿರಿ."

"ಕೋಳಿ ಗೂಡಿಗೆ?" ಎಂದು ಕೇಳಿದವಳು ಕಾಡವ್ವ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಎಲ್ಲರೂ ಬಗ್ಗಿ ನೋಡಿದರು. ಹಿತ್ತಲ ಮೂಲೆಯಲ್ಲಿ ಕೋಳಿ ಗೂಡು ಎಂಬ ಹೆಸರು ಮೂರು ಮಿಲಿಮೀಟರಿನಲ್ಲಿ ಸ್ಪಷ್ಟವಾಗಿ ಕೂತಿತ್ತು. ದಾನೇಶ್ವರಿಯ ಗಂಟಲಿನಲ್ಲಿ ಬಿಕ್ಕಳಿಕೆಯಂಥ ನಗೆಯೊಂದು ಹುಟ್ಟಿತು. ಅದನ್ನು ನುಂಗಿ, ಅರ್ಧ ತಾಸು ಕೊಡಿರಿ, ಸರಿ ಮಾಡಿ ಬೇರೆ ಹಾಳೆ ತರುತ್ತೇನೆ ಎಂದು ಎದ್ದಳು.

ತಹಶೀಲ್ದಾರ ಕಚೇರಿಯ ಸಮೀಪ ಮೈಲಾರಲಿಂಗ ಎಂಬುವನ ಝೆರಾಕ್ಸ್ ಅಂಗಡಿಯಿತ್ತು. ಹೊಲದ ನಕಾಶೆಗಳನ್ನು ತೆಗೆಯುವ ದೊಡ್ಡ ಮಶಿನ್ನು ಅವನಲ್ಲಿತ್ತು. ಅದು ಇನ್ವರ್ಟರಿನ ಮೇಲೆ ಓಡುತ್ತಿತ್ತು. ಇನ್ನೊಂದು ಪ್ಲಗ್ ಹಾಕಿದರೆ ಇನ್ವರ್ಟರು, ಮಶಿನ್ನು ಎರಡೂ ಬಂದ್ ಆಗುತ್ತವೆ ಎಂದು ಅವನು ಮೊದಲೇ ಹೇಳಿದ. ಬಾಳೇಶ ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದ. ದಾನೇಶ್ವರಿ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಬ್ಯಾಟರಿ ನಾಲ್ಕು.

ಮಾಡಬೇಕಾದದ್ದು ಇಷ್ಟೇ: ಹೆಸರನ್ನು ಹಿಡಿದು ಅದಕ್ಕೆ ಐವತ್ತರ ಅಳತೆಯನ್ನು ಸೇರಿಸುವುದು. ಎರಡು ಕ್ಲಿಕ್ಕಿನ ಕೆಲಸ. ಆದರೆ ಬ್ಯಾಟರಿ ಮೂರಾಯಿತು, ಎರಡು ಕ್ಲಿಕ್ಕು ಎಲ್ಲಿದ್ದವೆಂಬುದೇ ಮರೆತುಹೋಯಿತು. ಹೊಸದಾಗಿ ಬರೆದರಾಯಿತೆಂದು ಆ ಖೋಲಿಯನ್ನು ಪರದೆಯ ತುಂಬ ಹಿಗ್ಗಿಸಿ, ಭೀಮಕ್ಕ ಎಂದು ಬೆರಳಚ್ಚಿಸಿದಳು. ಎತ್ತರ ಎಷ್ಟು ಎಂದು ಕೇಳಿತು. ಮೂರು ವರ್ಷದ ರೂಢಿ ಬೆರಳಿನಲ್ಲಿತ್ತು. ಒಂದಕ್ಕೆ ಐವತ್ತು, ನೂರೈವತ್ತು. ಒತ್ತಿದಳು.

ಪರದೆಯ ಮೇಲೆ ಹೆಸರು ಬರಲಿಲ್ಲ. ಖೋಲಿಯ ಅಡ್ಡಕ್ಕೆ ಒಂದು ಡೊಂಕು ಗೆರೆ ಮಾತ್ರ ಬಂತು. ಹ್ಯಾಂಗ್ ಆಗಿದೆಯೆಂದುಕೊಂಡಳು. ಬ್ಯಾಟರಿ ಎರಡು. ಹೇಗಾದರೂ ಆಗಲಿ ಎಂದು ಹಾಳೆಯನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಮೈಲಾರಲಿಂಗ ಪ್ರಿಂಟ್ ಕೊಟ್ಟು, ಹೊರಬಂದದ್ದನ್ನು ಒಮ್ಮೆ ನೋಡಿ, ಅವಳನ್ನೂ ಒಮ್ಮೆ ನೋಡಿ, ಏನೂ ಹೇಳದೆ ಸುತ್ತಿ ರಬ್ಬರ್ ಹಾಕಿ ಕೊಟ್ಟ.

ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಸುರುಳಿ ಬಿಚ್ಚಿದಾಗ ಏನಾಯಿತೆಂಬುದನ್ನು ದಾನೇಶ್ವರಿ ಮುಂದೆ ಯಾರಿಗೂ ಪೂರ್ತಿ ಹೇಳಲಾರದೆ ಹೋದಳು. ಪ್ರತಿ ಸಲ ನಡುವೆಯೇ ನಗು ಬಂದುಬಿಡುತ್ತಿತ್ತು.

ಅನೋಟೇಶನ್ ಅಕ್ಷರಕ್ಕೆ ಎತ್ತರ ಕೊಡುವಾಗ ಕಾಗದದ ಎತ್ತರ ಹೇಳಬೇಕು. ಮೂರು ಎನ್ನಬೇಕು. ಇವಳು ನೂರೈವತ್ತು ಎಂದಿದ್ದಳು. ಕ್ಯಾಡ್ ಪ್ರಾಮಾಣಿಕವಾಗಿ ನೂರೈವತ್ತು ಮಿಲಿಮೀಟರಿನ ಭೀಮಕ್ಕನನ್ನು ಕೊಟ್ಟಿತ್ತು. ಪರದೆಯಲ್ಲಿ ಕಂಡ ಡೊಂಕು ಗೆರೆ ಅದರದೇ ಒಂದು ತುಣುಕು. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಮೂರೇ ಮೂರು ಅಕ್ಷರ. ಒಳಗೆ ಟೊಳ್ಳಾದ, ಗೆರೆಯ ಅಂಚಿನ ಅಕ್ಷರಗಳಾದ್ದರಿಂದ ಅವುಗಳ ಒಳಗೆ ಮನೆ ಕಾಣುತ್ತಿತ್ತು. ಭೀ ಬಾವಿಯ ಬಳಿ ಶುರುವಾಗಿ ದೇವರ ಮನೆ ಹೊಕ್ಕಿತ್ತು. ಮ ಅಡಿಗೆಮನೆಯ ಮೇಲೆ ಕಾಲು ಚಾಚಿ ಕೂತಿತ್ತು. ಕ್ಕ ಕಾಂಪೌಂಡು ದಾಟಿ ರಸ್ತೆಗೆ ಇಳಿದಿತ್ತು.

ಭೀಮಕ್ಕ ಬಗ್ಗಲಿಲ್ಲ. ನಿಂತಲ್ಲಿಂದಲೇ ಓದಿದಳು. ಭೀ. ಮ. ಕ್ಕ.

ಕಾಡವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಮೊದಲು ಭೀಮಕ್ಕ ಬೆರಳಿಟ್ಟ ಜಾಗ ನೆನೆದು ತನ್ನ ಖೋಲಿಯನ್ನು ಹುಡುಕಿದಳು. ಅದು ಸಿಕ್ಕಿತು. "ನಾ ಇಲ್ಲೆ ಅದೀನಿ," ಎಂದಳು, "ನಿನ್ನ ನಡುವಿನ ಅಕ್ಷರದ ಹೊಟ್ಯಾಗ."

"ತಣ್ಣಗ ಇರು ಅಲ್ಲೆ," ಎಂದಳು ಭೀಮಕ್ಕ.

"ಅಕ್ಕಾ, ನಿನ್ನ ಕಡೀ ಅಕ್ಷರ ರಸ್ತೆದಾಗ ಬಂದೈತಿ. ಬಸ್ಸು ಹೆಂಗ ಹೋಗಬೇಕು?"

"ಸುತ್ತ ಹಾಕ್ಕೊಂಡು ಹೋಗ್ಲಿ."

ಮೊದಲು ನಗು ತಡೆಯಲಾರದೆ ಹೋದವನು ಬಾಳೇಶ. ಗೋಡೆಗೆ ಒರಗಿ, ಜಾರಿ, ನೆಲಕ್ಕೆ ಕೂತು ನಕ್ಕ. ಕಾಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭೀಮಕ್ಕನ ನಗು ಹೊಟ್ಟೆಯಿಂದ ಶುರುವಾಗಿ ಭುಜಕ್ಕೆ ಬಂದು, ಕೊನೆಗೆ ಸದ್ದಿಲ್ಲದೆ ಕಣ್ಣಿನಿಂದ ಹೊರಟಿತು. ದಾನೇಶ್ವರಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಬಾಳೇಶ ಹೆದರಿ ನೀರು ತಂದ. ಕೈ ತೆಗೆದಾಗ ಅವಳೂ ನಗುತ್ತಿದ್ದಳು, ಉಸಿರು ಸಿಗದೆ, ಬಿಕ್ಕಳಿಸುತ್ತ, ಮೂರು ವರ್ಷದ ಗಂಟು ಒಮ್ಮೆಲೇ ಬಿಚ್ಚಿದವಳಂತೆ.

ಭೀಮಕ್ಕ ಪೆನ್ನು ಕೊಡಲು ಹೇಳಿದಳು. ಈ ಹಾಳೆಗೆ ಸಹಿ ಮಾಡುತ್ತೇನೆ ಎಂದಳು.

ಪೆನ್ನು ದಾನೇಶ್ವರಿಯ ಕೈಯಲ್ಲೇ ಇತ್ತು. ಕೊಟ್ಟರೆ ಸಹಿ ಸಿಗುತ್ತಿತ್ತು. ಸಹಿ ಬಂದರೆ ಮನೆ ನಿನ್ನದು ಎಂದಷ್ಟೇ ಸಿದರಾಯ ಸರ್ ಹೇಳಿದ್ದರು, ಯಾವ ಹಾಳೆಯ ಮೇಲೆ ಎಂದು ಹೇಳಿರಲಿಲ್ಲ. ಒಂದು ಕ್ಷಣ ಅವಳು ಪೆನ್ನಿನ ಮುಚ್ಚಳ ತೆಗೆದೂ ತೆಗೆದಳು. ಆಮೇಲೆ ಅಡಿಗೆಮನೆಯ ಬಾಗಿಲಿನ ಅಳತೆಯನ್ನು ಮಕಾರದ ಗೆರೆ ಕಡಿದುಹಾಕಿದ್ದು ಕಣ್ಣಿಗೆ ಬಿತ್ತು. ಗೌಂಡಿ ಅದನ್ನು ಏನೆಂದು ಓದಿಯಾನು ಎಂದುಕೊಂಡು ಮುಚ್ಚಳವನ್ನು ಮತ್ತೆ ಹಾಕಿದಳು.

"ಇದೂ ತಪ್ಪ ಐತ್ರಿ ಆಯಿ," ಎಂದಳು. "ಇದನ್ನ ನೋಡಿ ಮನಿ ಕಟ್ಟಾಕ ಬರೂದಿಲ್ಲ."

"ಈ ತಪ್ಪು ನನಗ ಸೇರೈತಿ."

"ಇದು ನಿಮ್ಮ ಹತ್ರನ ಇರ್ಲಿ. ಸಹಿ ಮಾತ್ರ ಸರೀ ಇದ್ದದ್ದಕ್ಕ ಮಾಡ್ರಿ. ಮೊದಲ ನಿಮ್ಮ ಕಣ್ಣಮುಂದನ ಮಾಡಿ ತೋರಿಸ್ತೀನಿ."

ಊಟದ ಹೊತ್ತಿಗೆ ಕರೆಂಟು ಬಂತು. ರೊಟ್ಟಿಯ ತಾಟು ಒಂದು ಬದಿಗೆ, ಲ್ಯಾಪ್‌ಟಾಪ್ ಇನ್ನೊಂದು ಬದಿಗೆ. ದಾನೇಶ್ವರಿ ದೊಡ್ಡ ಭೀಮಕ್ಕನನ್ನು ಅಳಿಸಿ, ಸಣ್ಣ ಭೀಮಕ್ಕನನ್ನು ಹಿಡಿದು, ಮರೆತ ಆ ಒಂದು ಅಳತೆಯನ್ನು ಸೇರಿಸಿದಳು. ದೊಡ್ಡ ಮನೆಯ ಬರಿದಾದ ಖೋಲಿಯಲ್ಲಿ ಹೆಸರು ಟಪಕ್ಕನೆ ಬಂದು ಕೂತಿತು. ಭೀಮಕ್ಕ ಇನ್ನೊಮ್ಮೆ ಮಾಡಿಸಿ ನೋಡಿದಳು. ಆಮೇಲೆ ನೂರು, ಐವತ್ತು, ಇಪ್ಪತ್ತು ಎಂದು ಅಳತೆ ಬದಲಿಸಿ ತೋರಿಸಿದಾಗ ಮನೆಯ ಹೆಸರುಗಳೆಲ್ಲ ಒಟ್ಟಿಗೆ ಉಬ್ಬಿ, ಒಟ್ಟಿಗೆ ಇಳಿದು, ಉಸಿರಾಡುವಂತೆ ಕಂಡವು. ಕೋಳಿ ಗೂಡು ಕೂಡ.

"ಮನಿ ಎಷ್ಟರ ಬೆಳೀಲಿ, ಕಾಗದದ ಮ್ಯಾಲ ನಾ ಇಷ್ಟ ಇರ್ತೀನಿ?" ಎಂದು ಭೀಮಕ್ಕ ಕೇಳಿದಳು.

"ಇಷ್ಟ ಇರ್ತೀರ್ರಿ. ಮೂರು ಮಿಲಿಮೀಟರ್."

"ಕಾಡವ್ವ?"

"ಅವರೂ ಮೂರು."

ಭೀಮಕ್ಕ ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಬಾಯಿಗಿಡಲಿಲ್ಲ. "ನನಗ ಮೂರೂವರಿ ಮಾಡು."

ಆಫೀಸಿನಲ್ಲಿ ಒಂದು ನಿಯಮವಿತ್ತು: ಖೋಲಿಗಳ ಹೆಸರೆಲ್ಲ ಒಂದೇ ಎತ್ತರ. ಆ ನಿಯಮವನ್ನು ಮುರಿದವರು ಯಾರೂ ಇರಲಿಲ್ಲ, ಮುರಿಯಲು ಯಾರೂ ಕೇಳಿಯೂ ಇರಲಿಲ್ಲ. ದಾನೇಶ್ವರಿ ಕಾಡವ್ವನ ಕಡೆ ನೋಡಿದಳು. ಕಾಡವ್ವ ಮಜ್ಜಿಗೆ ಸುರಿಯುತ್ತ, ತಲೆ ಎತ್ತದೆ, "ಅರ್ಧ ಕೊಡವಾ, ಹಿರೇ ಸೊಸಿ ಅದಾಳ," ಎಂದಳು. "ಒಂದು ಕೊಡಬ್ಯಾಡ ಮತ್ತ."

ಮೂರೂವರೆಯ ಹಾಳೆ ಮೈಲಾರಲಿಂಗನ ಅಂಗಡಿಯಿಂದ ಬಂದಾಗ ಮೂರು ಗಂಟೆ. ಈ ಸಲ ದಾನೇಶ್ವರಿ ಸುರುಳಿಯನ್ನು ಅಂಗಡಿಯಲ್ಲೇ ಬಿಚ್ಚಿ ಹೆಸರೊಂದೊಂದನ್ನೂ ಬೆರಳಿಟ್ಟು ನೋಡಿಕೊಂಡೇ ತಂದಿದ್ದಳು. ಭೀಮಕ್ಕ ಗೆರೆ ಹಾಕಿದ ಜಾಗದಲ್ಲಿ, ನಾಲಿಗೆ ತುದಿ ಹಲ್ಲಿನ ನಡುವೆ ಹಿಡಿದು, ಎರಡು ನಿಮಿಷ ತೆಗೆದುಕೊಂಡು ಸಹಿ ಮಾಡಿದಳು. ಆಮೇಲೆ ತನ್ನ ದೊಡ್ಡ ಹಾಳೆಯನ್ನು ಮಡಚಬಾರದೆಂದು ಬಾಳೇಶನಿಗೆ ತಾಕೀತು ಮಾಡಿ, ಗೋಡೆಯಲ್ಲಿ ಅದಕ್ಕೆ ಜಾಗ ತೋರಿಸಿದಳು.

ದಾನೇಶ್ವರಿ ಹಿತ್ತಲಿಗೆ ಹೋಗಿ ಸಿದರಾಯ ಸರ್‌ಗೆ ಫೋನು ಮಾಡಿದಳು. ಸಹಿ ಆಯಿತೆಂದು ಹೇಳಿ ಫೋನು ಇಡಬಹುದಿತ್ತು. ಇಡದೆ, ಮರೆತ ಅಳತೆಯಿಂದ ನೂರೈವತ್ತರವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಅವರು, ಕ್ಕ ಎಲ್ಲಿತನಕ ಬಂದಿತ್ತು ಎಂದು ಕೇಳಿದರು. ರಸ್ತೆತನಕ ಎಂದಳು. ಅವರು ಕೆಮ್ಮಿದಂತೆ ಮಾಡಿದರು, ಆದರೆ ಅದು ಕೆಮ್ಮಲ್ಲ.

"ಸರೀ ಹಾಳಿಗೆ ಸಹಿ ತಗೊಂಡಿ ಹೌದಲ್ಲ?" ಎಂದರು. "ಹಂಗಾರ ಸೋಮವಾರದಿಂದ ಪಾಯಾದ ಕೆಲಸ ನೋಡ್ಕೋ. ಮನಿ ನಿಂದ."

ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕೋಳಿಗಳ ನಡುವೆ ಸುಮ್ಮನೆ ನಿಂತಳು. ಭೂಮಿ ತುಸು ವಾಲಿದಂತೆ, ಆದರೆ ಬೀಳುವ ಭಯವಿಲ್ಲದಂತೆ ಅನ್ನಿಸಿತು. ಯಾರೋ ಸೆರಗು ಜಗ್ಗಿದರು. ಕಾಡವ್ವ. ಒಳಗಿನವರಿಗೆ ಕೇಳದಂತೆ ಅವಳು ಹೇಳಿದ್ದು ಇಷ್ಟು: ತನಗೆ ಓದಲು ಬರುವುದಿಲ್ಲ, ಗೋಡೆಗೆ ಹಾಕುವ ಆಸೆಯೂ ಇಲ್ಲ, ಆದರೂ ತನ್ನ ಹೆಸರಿನದೂ ಅಂಥದೊಂದು ಇದ್ದರೆ ಟ್ರಂಕಿನಲ್ಲಿ ಇಟ್ಟುಕೊಳ್ಳಬಹುದು.

ಬೆಳಗಾವಿಯ ರೈಲಿಗೆ ಇನ್ನೂ ಮುಕ್ಕಾಲು ತಾಸಿತ್ತು. ದಾನೇಶ್ವರಿ ಮೂರನೆಯ ಸಲ ಮೈಲಾರಲಿಂಗನ ಸ್ಟೂಲಿನ ಮೇಲೆ ಕೂತಳು. ಎತ್ತರ ಎಷ್ಟು ಎಂದು ಕೇಳಿದಾಗ ತಡೆಯದೆ ನೂರೈವತ್ತು ಒತ್ತಿದಳು. ಮಶಿನ್ನಿನಿಂದ ಮೊದಲು ಕಾ ಹೊರಗೆ ಬಂತು, ನಿಧಾನವಾಗಿ ಡ, ಆಮೇಲೆ ಒತ್ತಿನ ಸಮೇತ ವ್ವ. ಮೊದಲ ದೊಡ್ಡ ಹೆಸರು ನೋಡಿಯೂ ಬಾಯಿ ಬಿಡದಿದ್ದ ಮೈಲಾರಲಿಂಗ ಈಗ ತಡೆಯಲಾರದೆ ಹೋದ.

"ಮೇಡಂ, ಇವರಿಬ್ರೂ ಎಲೆಕ್ಷನ್ನಿಗೆ ನಿಂತಾರೇನ್ರಿ?"

"ಇಲ್ರಿ," ಎಂದಳು ದಾನೇಶ್ವರಿ, ನಗುವನ್ನು ಹಿಡಿಯುವ ಪ್ರಯತ್ನವನ್ನೇ ಮಾಡದೆ. "ಮನಿ ಕಟ್ಟಾಕತ್ತೀವಿ."